ಪುತ್ತೂರಿನ ತೇಗ, ಬೆಂಗಳೂರಿನ ಫ್ಲಾಟು: 6×3 ಅಡಿ ಊಟದ ಮೇಜಿಗೆ ಕಬ್ಬಿಣದ ಕಾಲು ಕೂರಿಸುವುದು ಹೇಗೆ?

ಪುತ್ತೂರು_ಹಲಗೆ
ಆರು ಜನಕ್ಕೆ ಊಟದ ಮೇಜು. ಮೇಲ್ಹಲಗೆ ತೇಗ, ಕಾಲು ಎಂ.ಎಸ್. (ಮೈಲ್ಡ್ ಸ್ಟೀಲ್, ಸಾದಾ ಕಬ್ಬಿಣ) ಚೌಕ ಪೈಪು. ಹಲಗೆಗಳನ್ನು ಪುತ್ತೂರಲ್ಲೇ ಕೊಯ್ಸಿ ಅಟ್ಟದಲ್ಲಿ ಒಂದೂವರೆ ವರ್ಷ ಒಣಗಿಸಿದೆ. ಈಗ ದಪ್ಪ 40 ಮಿ.ಮೀ., ಅಗಲ 130ರಿಂದ 160. ಮೇಜು ಇರುವುದು ಬೆಂಗಳೂರಿನ ಫ್ಲಾಟಿನಲ್ಲಿ. ನಾನು ಹಾಕಿಕೊಂಡ ಲೆಕ್ಕ:

ಮೇಲ್ಹಲಗೆ 1800×900, ಕೀಸಿದ ಮೇಲೆ 32 ಮಿ.ಮೀ. ಕಾಲು ಎರಡು ಚೌಕಟ್ಟು, 40×40 ಪೈಪು, 18 ಗೇಜ್. ನೆಲದಿಂದ ಎತ್ತರ 750. ಚೌಕಟ್ಟಿನ ಮೇಲಿನ ಪೈಪಿಗೆ ತೂತು ಹೊಡೆದು ಕೆಳಗಿನಿಂದ ಉದ್ದ ಸ್ಕ್ರೂ ಬಿಗಿಯುವುದು. ಎಲ್ಲೆಲ್ಲಿ ತಪ್ಪಿದೆ ಹೇಳಿ.

ಉಳಿಪೆಟ್ಟು
ಸ್ಕ್ರೂ ವಿಷಯ ಆಮೇಲೆ. ಮೊದಲು ಹಲಗೆಯ ತೇವ ಅಳೆದಿದ್ದೀರಾ? ಮುಳ್ಳು ಚುಚ್ಚುವ ತೇವಮಾಪಕದಲ್ಲಿ, ಹಲಗೆಯ ತುದಿಯಲ್ಲಲ್ಲ, ತುದಿಯಿಂದ ಒಂದಡಿ ಒಳಗೆ, ಮೂರು ಕಡೆ. ಮಾಪಕದಲ್ಲಿ ಮರದ ಜಾತಿ ಆರಿಸುವ ಸೌಲಭ್ಯ ಇದ್ದರೆ ತೇಗಕ್ಕೆ ಹೊಂದಿಸಿ. ಇಲ್ಲದಿದ್ದರೆ ಒಂದೆರಡು ಅಂಕ ಆಚೆ ಈಚೆ ತೋರಿಸುತ್ತೆ.

"ಇಂಚಿಗೆ ಒಂದು ವರ್ಷ" ಅನ್ನೋ ಹಳೇ ಲೆಕ್ಕ ಅರ್ಧ ಸತ್ಯ. ಗಾಳಿಯಲ್ಲಿ ಒಣಗುವ ಮರ ಆ ಊರಿನ ಗಾಳಿ ಎಷ್ಟು ಬಿಡುತ್ತದೋ ಅಷ್ಟೇ ಒಣಗುವುದು. ಪುತ್ತೂರಿನ ಅಟ್ಟದಲ್ಲಿ ಹತ್ತು ವರ್ಷ ಇಟ್ಟರೂ ಮಳೆಗಾಲದಲ್ಲಿ 15–16 ಶೇಕಡಾ ತೋರಿಸಬಹುದು. ಅದೇ ಹಲಗೆ ಬೆಂಗಳೂರಿನ ಫ್ಲಾಟಿನಲ್ಲಿ ಮಾರ್ಚ್ ಹೊತ್ತಿಗೆ 9–10ಕ್ಕೆ ಇಳಿಯುತ್ತೆ.

ತೇಗಕ್ಕೆ ಲೆಕ್ಕ ಹೀಗೆ: ತೇವ ಒಂದು ಶೇಕಡಾ ಬದಲಾದರೆ, ಬೆಳವಣಿಗೆಯ ಉಂಗುರಗಳು ಹಲಗೆಯ ಮುಖಕ್ಕೆ ಹೆಚ್ಚುಕಡಿಮೆ ಸಮಾನಾಂತರ ಇರುವ ಸಾದಾ ಕೊಯ್ತದಲ್ಲಿ ಅಗಲದ 0.00186 ಪಾಲು ಕುಗ್ಗುತ್ತೆ. ಉಂಗುರ ನೆಟ್ಟಗೆ ನಿಂತಿರುವ ಕೊಯ್ತದಲ್ಲಿ 0.00101. ನಿಮ್ಮದು ಸಾದಾ ಕೊಯ್ತ ಅಂತ ಇಟ್ಟುಕೊಳ್ಳಿ. ತೇವ 16ರಿಂದ 10ಕ್ಕೆ, ಅಂದರೆ ಆರು ಶೇಕಡಾ ಇಳಿದರೆ 900 × 0.00186 × 6 = 10 ಮಿ.ಮೀ. ಉದ್ದಕ್ಕೆ ಕುಗ್ಗುವುದು ಮಾತ್ರ ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಈಗ ಹೇಳಿ, ಅಗಲದಲ್ಲಿ ಒಂದು ಸೆಂಟಿಮೀಟರ್ ಕುಗ್ಗೋ ಹಲಗೆಯನ್ನು ಕುಗ್ಗದ ಕಬ್ಬಿಣಕ್ಕೆ ಎರಡೂ ಅಂಚಲ್ಲಿ ಬಿಗಿದರೆ ಏನಾಗುತ್ತೆ? ಸ್ಕ್ರೂ ಮುರಿಯದಿದ್ದರೆ ಹಲಗೆ ಸೀಳುತ್ತೆ. ಸಾಮಾನ್ಯವಾಗಿ ಹಲಗೆಯೇ ಸೋಲೋದು, ಅದೂ ಅಂಟು ಹಾಕಿದ ಕಡೆ ಅಲ್ಲ, ಅದರ ಪಕ್ಕದಲ್ಲಿ.

ಕರಾವಳಿ_ಬಡಗಿ
ಉಳಿಪೆಟ್ಟು ಹೇಳಿದ್ದು ಸರಿ. ಉಪಾಯ ಇದೆ ಮಾರಾಯ್ರೆ: ಹಲಗೆಯನ್ನು ಊರಲ್ಲಿ ಕೀಸಿ ಅಂಟಿಸಿ ಸಾಗಿಸಬೇಡಿ. ಒರಟು ಹಲಗೆಯನ್ನೇ ಬೆಂಗಳೂರಿಗೆ ತನ್ನಿ. ಅದೇ ಫ್ಲಾಟಿನ ಒಂದು ಕೋಣೆಯಲ್ಲಿ 20×20 ರೀಪರ್ ತುಂಡು ಕೊಟ್ಟು ಅಟ್ಟಿ ಹಾಕಿ. ರೀಪರ್ 450 ಮಿ.ಮೀ.ಗೆ ಒಂದು, ಎಲ್ಲ ಅಟ್ಟೆಯಲ್ಲೂ ಒಂದರ ಮೇಲೊಂದು ನೇರವಾಗಿ ಬರಬೇಕು. ನೇರ ಇಲ್ಲದಿದ್ದರೆ ಹಲಗೆ ಅಲ್ಲೇ ಬಾಗುತ್ತದೆ. ತುದಿಗಳಿಗೆ ಪೇಂಟೋ ಮೇಣವೋ ಬಳಿಯಿರಿ. ವಾರಕ್ಕೊಮ್ಮೆ ಅಳೆದು ಬರೆದಿಡಿ, ಮೂರು ವಾರ ಅಂಕ ಅಲ್ಲಾಡದಿದ್ದರೆ ಕೆಲಸ ಶುರು.

ಪುರುಸೊತ್ತಿಲ್ಲದಿದ್ದರೆ ಒಲೆಗೆ ಕೊಡಿ, ಅಂದರೆ ಸೀಸನಿಂಗ್ ಪ್ಲಾಂಟಿಗೆ. 10ಕ್ಕೆ ಇಳಿಸಿ ಕೊಡಿ ಅಂತ ಅಂಕೆ ಹೇಳಿಯೇ ಕೊಡಬೇಕು. "ಒಣಗಿಸಿ ಕೊಡಿ" ಅಂದರೆ ಅವರ ಲೆಕ್ಕ ಬಾಗಿಲ ಚೌಕಟ್ಟಿನದ್ದು. ಯಾವ ಹವೆಗೆ, ಯಾವ ಕೆಲಸಕ್ಕೆ ಎಷ್ಟು ತೇವ ಇರಬಹುದು ಅನ್ನುವುದಕ್ಕೆ ಐಎಸ್ 287 ಅಂತ ಭಾರತೀಯ ಮಾನಕವೇ ಉಂಟು. ಅದು ದೇಶವನ್ನು ಗಾಳಿಯ ತೇವದ ಮೇಲೆ ವಲಯಗಳಾಗಿ ಮಾಡಿದೆ.

ಗೇಜ್14
ಕಬ್ಬಿಣದ ಕಡೆಗೆ ಬರ್ತೀನಿ. 18 ಗೇಜ್ ಅಂದ್ರೆ ಪೈಪಿನ ಗೋಡೆಯ ದಪ್ಪ 1.2 ಮಿ.ಮೀ. ಭಾರ ಹೊರೋಕೆ ಸಾಕು, ಆದರೆ ಅಲುಗಾಟಕ್ಕೆ ಸಾಲದು, ವೆಲ್ಡಿಂಗಿಗಂತೂ ತಲೆನೋವು. ಆರ್ಕ್‌ನಲ್ಲಿ ಒಂದು ಕ್ಷಣ ಹೆಚ್ಚು ನಿಂತರೆ ತೂತು. 14 ಗೇಜ್, ಅಂದ್ರೆ 2 ಮಿ.ಮೀ. ತಗೊಳ್ಳಿ. ಅಂಗಡಿಯಲ್ಲಿ ಗೇಜ್ ಮಾತು ಕೇಳಬೇಡಿ, ಕ್ಯಾಲಿಪರ್ ಹಾಕಿ ನೋಡಿ, 2 ಅಂತ ಕೊಟ್ಟದ್ದು 1.7 ಇರುತ್ತೆ. ತೂಗಿದರೂ ಗೊತ್ತಾಗುತ್ತೆ: 50×50×2 ಮೀಟರಿಗೆ ಸುಮಾರು 3 ಕೆ.ಜಿ., ಆರು ಮೀಟರಿನ ಪೈಪು 18 ಕೆ.ಜಿ. ಇರಬೇಕು.

ನನ್ನ ಸಲಹೆ:
ಕಾಲಿನ ಚೌಕಟ್ಟು 50×50×2, ಹೊರ ಅಗಲ 700, ಎತ್ತರ 718 (750ರಲ್ಲಿ 32 ಕಳೆದು). ಎರಡು ಚೌಕಟ್ಟಿಗೂ ಸೇರಿ ಒಂದೇ ಪೈಪು ಸಾಕು. 45 ಡಿಗ್ರಿಗೆ ಕತ್ತರಿಸುವಾಗ ಒಂದು ತುಂಡು ಹೀಗೆ, ಇನ್ನೊಂದು ತಿರುಗಿಸಿ ಹಾಗೆ ಕತ್ತರಿಸಿದರೆ ಸುಮಾರು 5.3 ಮೀಟರಲ್ಲಿ ಮುಗಿಯುತ್ತೆ.
ಎರಡು ಚೌಕಟ್ಟನ್ನು ಉದ್ದಕ್ಕೆ ಜೋಡಿಸುವ ಅಡ್ಡಗಳು 50×25×2, ಎರಡು. 50ರ ಬದಿ ನಿಲ್ಲಿಸಿ.
ನಡುವೆ ಅದೇ ಪೈಪಿನ ಒಂದು ಅಡ್ಡ.

ನಿಮ್ಮ ಲೆಕ್ಕದಲ್ಲಿ ಈ ಉದ್ದದ ಅಡ್ಡವೇ ಇಲ್ಲ. ಬರೀ ಎರಡು ಚೌಕಟ್ಟು ಹಲಗೆಗೆ ಬಿಗಿದ ಮೇಜು ಮೊದಲ ತಿಂಗಳು ಗಟ್ಟಿ ಇರುತ್ತೆ. ಆಮೇಲೆ ಉದ್ದದ ದಿಕ್ಕಿಗೆ ತೂಗುತ್ತೆ. ಅಂತರ್ಜಾಲದ ಚಿತ್ರಗಳಲ್ಲಿ ಅಡ್ಡ ಇಲ್ಲದ ಮೇಜು ಚೆಂದ ಕಾಣುತ್ತೆ, ಫೋಟೋ ಅಲುಗಾಡಲ್ಲ ನೋಡಿ.

ಹುಬ್ಳಿ_ವೆಲ್ಡಿಂಗ್
ಗೇಜ್14 ಅವರ ಅಳತಿ ಛಲೋ ಐತ್ರಿ. ವೆಲ್ಡಿಂಗ್ ಕ್ರಮ ಹೇಳತೇನಿ, ಇಲ್ಲೇ ಭಾಳ ಮಂದಿ ಕೆಡಸ್ತಾರ.

ನೆಲದ ಮ್ಯಾಲೆ ಮಾಡಬ್ಯಾಡ್ರಿ. ಸಪಾಟಾದ ದಪ್ಪ ಪ್ಲೇಟು ಇಲ್ಲಾ ಐ ಬೀಮಿನ ಮ್ಯಾಲೆ ಕ್ಲಾಂಪ್ ಹಾಕ್ರಿ. ನಾಲ್ಕೂ ಮೂಲಿಗೆ ಬರೀ ಟ್ಯಾಕ್ (ಸಣ್ಣ ಚುಕ್ಕಿ ವೆಲ್ಡ್), ಒಂದೊಂದು ಮೂಲಿಗೆ ಎರಡು. ಆಮ್ಯಾಲ ಕರ್ಣ ಅಳೀರಿ. 700×718 ಚೌಕಟ್ಟಿಗೆ ಎರಡೂ ಕರ್ಣ 1003 ಬರಬೇಕು, ಒಂದು ಮಿ.ಮೀ. ಫರಕು ಇದ್ರ ನಡೀತದ, ಮೂರು ಇದ್ರ ಟ್ಯಾಕ್ ಕಡದು ಮತ್ತ ಹಾಕ್ರಿ. ಪೂರ್ತಿ ವೆಲ್ಡ್ ಎದುರುಬದುರು ಮೂಲಿಗೆ: ಒಂದು, ಮೂರು, ಎರಡು, ನಾಲ್ಕು. ಒಂದ ಮೂಲಿ ಸುತ್ತಲೂ ಒಮ್ಮೆಲೇ ಮುಗಿಸಿದ್ರ ಕಾಯ್ದ ಕಡೆ ಜಗ್ಗತದ, ಕಾಲು ಒಳಗ ಎಳಕೊಂತದ. ಚೌಕಟ್ಟಿನ ಒಳ ಮೂಲಿಯ ವೆಲ್ಡ್ ಕೊನೀಗೆ.

ಆರ್ಕ್ ಆದ್ರ 2.5 ಮಿ.ಮೀ. 6013 ರಾಡು, 60ರಿಂದ 75 ಆಂಪಿಯರ್. ಮಿಗ್ (ತಂತಿ ತಾನಾಗೇ ಬರೂ ವೆಲ್ಡಿಂಗ್) ಆದ್ರ 0.8 ತಂತಿ. ಮಿಗ್ ಇದ್ರ ಗ್ರೈಂಡಿಂಗ್ ಕೆಲಸ ಅರ್ಧಕ್ಕರ್ಧ ಉಳೀತದ. ಗ್ರೈಂಡಿಂಗ್ ಮಾಡೂ ಮುಂದ ಕಲ್ಲಿನ ಡಿಸ್ಕ್ ಹಿಡದು ಪೂರ್ತಿ ಕೆರೀಬ್ಯಾಡ್ರಿ, 2 ಮಿ.ಮೀ. ಗ್ವಾಡಿ ಒಂದು ಮಿ.ಮೀ. ಆಗಿ ಮೂಲಿ ಬಿರಕ ಬಿಡತದ. ಮೊದಲ ಕಲ್ಲು, ಉಬ್ಬು ಅರ್ಧ ಮಿ.ಮೀ. ಉಳಿದಾಗ 60 ನಂಬರ್ ಫ್ಲಾಪ್ ಡಿಸ್ಕಿಗೆ (ಉಜ್ಜುಕಾಗದದ ಎಸಳಿನ ಡಿಸ್ಕ್) ಬರ್ರಿ.

ಇನ್ನೊಂದು. ತುಕ್ಕು ಹಿಡಿಯೂದಿಲ್ಲ ಅಂತ ಜಿ.ಐ. (ಸತು ಬಳದ) ಪೈಪು ತರಬ್ಯಾಡ್ರಿ. ಸತುವಿನ ಹೊಗಿ ಕುಡದ್ರ ಸಂಜೀಕ ಚಳಿ ಜ್ವರ ಬರತದ, ವೆಲ್ಡೂ ತೂತು ತೂತು ಆಗತದ.

ಪುತ್ತೂರು_ಹಲಗೆ
ತೇವ ಅಳೆದೆ: 15, 15.5, 14. ಹಲಗೆಗಳನ್ನು ಫ್ಲಾಟಿಗೆ ತಂದು ಅಟ್ಟಿ ಹಾಕುತ್ತೇನೆ.

ಎರಡು ಪ್ರಶ್ನೆ. ಬೆಂಗಳೂರಿನ ಲಿಫ್ಟಿನಲ್ಲಿ ವೆಲ್ಡ್ ಆದ ಕಾಲು ಹೋಗಲಿಕ್ಕಿಲ್ಲ, ಬಿಚ್ಚುವ ಹಾಗೆ ಮಾಡಬಹುದಾ? ಮತ್ತೆ ಹಲಗೆಯನ್ನು ಬಿಗಿಯದೆ ಬಿಗಿಯುವುದು ಹೇಗೆ?

ಗೇಜ್14
ಬಿಚ್ಚುವ ಜೋಡಣೆ: ಎರಡು ಚೌಕಟ್ಟು ಬೇರೆ, ಎರಡು ಉದ್ದ ಅಡ್ಡ ಮತ್ತು ನಡುವಿನ ಅಡ್ಡ ಸೇರಿ ಎಚ್ ಆಕಾರದ ಒಂದು ಭಾಗ. ಉದ್ದ ಅಡ್ಡದ ತುದಿಗೆ 100×100×6 ಪ್ಲೇಟು ವೆಲ್ಡ್ ಮಾಡಿ. ಈ ಪ್ಲೇಟು ಚೌಕಟ್ಟಿನ ಮೇಲಿನ ಮೂಲೆಯ ಮೇಲೆ ಕೂರುತ್ತೆ. ಪೈಪು ಪ್ಲೇಟಿನ ಮೇಲಂಚಿಗೆ ಸಮ, ಹೊರಂಚಿನಿಂದ 12.5 ಒಳಗೆ. ಬೋಲ್ಟ್ ಎರಡು, ಎಂ8 (8 ಮಿ.ಮೀ. ದಪ್ಪದ್ದು): ಒಂದು ಮೇಲಿನ ಪೈಪಿಗೆ (ಹೊರಂಚಿನಿಂದ 75, ಮೇಲಿನಿಂದ 25), ಇನ್ನೊಂದು ನಿಂತ ಕಾಲಿಗೆ (ಹೊರಂಚಿನಿಂದ 25, ಮೇಲಿನಿಂದ 75). ಎರಡನ್ನೂ ಒಂದೇ ಸಾಲಲ್ಲಿ ಅಡ್ಡಕ್ಕೆ ಹಾಕಿದರೆ ಪ್ಲೇಟು ಬಾಗಿಲ ಹಿಂಜಿನ ಥರ ತಿರುಗುತ್ತೆ. ಎತ್ತರದಲ್ಲಿ ಅಂತರ ಬೇಕು. ಒಳಮೂಲೆಯಲ್ಲಿ ಪೈಪಿಲ್ಲದ ಕಡೆಯ ಪ್ಲೇಟನ್ನು ಓರೆಯಾಗಿ ಕತ್ತರಿಸಿಬಿಡಿ, ಮೊಣಕಾಲಿಗೆ ತಾಗಬಾರದು.

ಪೈಪಿನ ಒಳಗೆ ನಟ್ ಬೇಕು. 2 ಮಿ.ಮೀ. ಗೋಡೆಯಲ್ಲೇ ಥ್ರೆಡ್ ಕೊರೆದರೆ ಎರಡು ಸುತ್ತೂ ಹಿಡಿಯಲ್ಲ, ಮೂರನೇ ಸಲ ಬಿಚ್ಚಿದಾಗ ಹೋಗುತ್ತೆ. ರಿವೆಟ್ ನಟ್ (ತೂತಿಗೆ ಹಾಕಿ ಒತ್ತಿ ಕೂರಿಸುವ ನಟ್) ಹಾಕಬಹುದು. ಅದಕ್ಕಿಂತ ಒಳ್ಳೇದು: ಮೂಲೆ ವೆಲ್ಡ್ ಮಾಡುವ ಮೊದಲೇ, ಪೈಪಿನ ತುದಿ ತೆರೆದಿರುವಾಗ, 40×40×6 ಪ್ಲೇಟಿಗೆ ಎಂ8 ಥ್ರೆಡ್ ಕೊರೆದು ಒಳಗಿಟ್ಟು ಬೆಸೆಯಿರಿ.

ಉಳಿಪೆಟ್ಟು
ಹಲಗೆಗೆ: ಚೌಕಟ್ಟಿನ ಮೇಲಿನ ಪೈಪಿನ ಒಳಮುಖಕ್ಕೆ 40×40×5 ಪ್ಲೇಟಿನ ಕಿವಿಗಳನ್ನು ಮೇಲ್ಮೈಗೆ ಸಮನಾಗಿ ಬೆಸೆಯಿರಿ. ಒಂದು ಚೌಕಟ್ಟಿಗೆ ಮೂರು, ನಡುವಿನ ಅಡ್ಡಕ್ಕೂ ಮೂರು, ಒಟ್ಟು ಒಂಬತ್ತು. ನಟ್ಟನಡುವಿನ ಕಿವಿಗೆ 7 ಮಿ.ಮೀ. ಗುಂಡು ತೂತು. ಆಚೆ ಈಚೆ ತಲಾ 220 ದೂರದ ಕಿವಿಗಳಿಗೆ ಉದ್ದ ತೂತು. ನಡುವಿನ ಅಂತರ 10 ಬರುವಂತೆ 8 ಮಿ.ಮೀ. ಎರಡು ತೂತು ಹೊಡೆದು ನಡುವಿನದ್ದನ್ನು ಅರದಿಂದ ತೆಗೆದರೆ 8×18 ಆಯಿತು. ಎಂ6 ಬೋಲ್ಟು ನಡುವಿನಿಂದ ಎರಡೂ ಕಡೆ ಆರು ಆರು ಮಿ.ಮೀ. ಜಾರುತ್ತೆ. 220 ದೂರದಲ್ಲಿ ಹಲಗೆ ಕದಲುವುದು 220 × 0.00186 × 6, ಅಂದರೆ ಎರಡೂವರೆ ಮಿ.ಮೀ. ಧಾರಾಳ ಸಾಕು.

ಎಲ್ಲರೂ ಜಾರೋ ತೂತು ಹೊಡೀತಾರೆ, ಆದರೆ ಉದ್ದದ ದಿಕ್ಕಿಗೆ ಹೊಡೀತಾರೆ! ತೂತಿನ ಉದ್ದ ಮೇಜಿನ ಅಗಲಕ್ಕೆ ಇರಬೇಕು, ಎಳೆಗೆ ಅಡ್ಡಲಾಗಿ.

ಹಲಗೆಯಲ್ಲಿ ಎಂ6 ಥ್ರೆಡ್ಡಿನ ಹಿತ್ತಾಳೆ ಇಲ್ಲವೇ ಉಕ್ಕಿನ ಇನ್ಸರ್ಟ್ (ಮರದೊಳಗೆ ತಿರುಗಿಸಿ ಕೂರಿಸುವ ನಟ್) ಹಾಕಿ. ಸತುವಿನ ಅಗ್ಗದ್ದು ತೇಗದಲ್ಲಿ ತಿರುಗಿಸುವಾಗಲೇ ತಲೆ ಮುರಿಯುತ್ತೆ. ತೂತಿನ ಅಳತೆ ಡಬ್ಬಿಯ ಮೇಲಿನದ್ದನ್ನು ನಂಬದೆ ಅದೇ ಹಲಗೆಯ ತುಂಡಲ್ಲಿ ಪರೀಕ್ಷೆ ಮಾಡಿ. ಬಿಟ್ಟಿಗೆ 18 ಮಿ.ಮೀ.ನಲ್ಲಿ ಟೇಪು ಸುತ್ತಿ. 32ರ ಹಲಗೆಯಲ್ಲಿ ಮೇಲಕ್ಕೆ ಬಂದರೆ ಮುಗಿಯಿತು ಕತೆ. ಬೋಲ್ಟಿಗೆ ಅಗಲ ವಾಶರ್, ಸ್ಪ್ರಿಂಗ್ ವಾಶರ್. ಕೈಬಿಗಿಯಾದ ಮೇಲೆ ಕಾಲು ಸುತ್ತು, ಅಷ್ಟೇ. ಜಗ್ಗಿ ಬಿಗಿದರೆ ಉದ್ದ ತೂತು ಇದ್ದೂ ಇಲ್ಲದ ಹಾಗೆ.

ಎಳೆ_ಎಣಿಸುವವ
ಹಲಗೆ ಅಂಟಿಸುವುದರ ಬಗ್ಗೆ ಯಾರೂ ಹೇಳಲಿಲ್ಲ. ತೇಗದಲ್ಲಿ ಎಣ್ಣೆಯಂಶ ಇದೆ, ಅಂಟು ಹಿಡಿಯದಿರುವ ದೂರು ಬಹುಪಾಲು ಅದರಿಂದ. ಅಂಚು ಕೀಸಿದ ದಿನವೇ ಅಂಟಿಸಬೇಕು. ಅಂಟಿಸುವ ಐದು ನಿಮಿಷ ಮುಂಚೆ ಅಸಿಟೋನಿನಲ್ಲಿ ಬಿಳಿ ಬಟ್ಟೆ ಅದ್ದಿ ಅಂಚು ಒರೆಸಿ. ಬಟ್ಟೆಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೆ. ನಿನ್ನೆ ಕೀಸಿಟ್ಟ ಅಂಚಿಗೆ ಎಣ್ಣೆ ಮತ್ತೆ ಮೇಲೆ ಬಂದಿರುತ್ತೆ.

ಎರಡು ಹಲಗೆಯ ಅಂಚು ಜೋಡಿಸಿ ಬೆಳಕಿಗೆ ಹಿಡಿಯಿರಿ. ನಡುವೆ ಕೂದಲೆಳೆ ಬೆಳಕು ಕಂಡರೆ ಪರವಾಗಿಲ್ಲ, ತುದಿಯಲ್ಲಿ ಕಂಡರೆ ಮತ್ತೆ ಕೀಸಿ. ಕ್ಲಾಂಪಿನ ಬಲದಿಂದ ಮುಚ್ಚಿದ ಸಂದು ಮುಂದಿನ ಬೇಸಿಗೆಗೆ ತುದಿಯಿಂದಲೇ ಬಾಯಿ ಬಿಡುತ್ತೆ. ಅಂಟು ನೀರು ತಡೆಯುವ ದರ್ಜೆಯದ್ದಿರಲಿ, ಫೆವಿಕಾಲ್ ಮರೀನ್ ಥರದ್ದು. ಎರಡೂ ಅಂಚಿಗೆ ತೆಳುವಾಗಿ. ಕ್ಲಾಂಪು 250 ಮಿ.ಮೀ.ಗೆ ಒಂದು, ಒಂದು ಮೇಲೆ ಒಂದು ಕೆಳಗೆ. 1800ಕ್ಕೆ ಏಳೆಂಟು ಬೇಕು. ಇಲ್ಲದಿದ್ದರೆ ಬಾಡಿಗೆಗೆ ತನ್ನಿ, ಹಗ್ಗ ಸುತ್ತಿ ಸಾಹಸ ಮಾಡಬೇಡಿ. ಏಳು ಹಲಗೆಯನ್ನು ಒಂದೇ ಸಲ ಅಂಟಿಸಬೇಡಿ: ಮೂರು ಒಂದು ಕಡೆ, ನಾಲ್ಕು ಒಂದು ಕಡೆ, ಮರುದಿನ ನಡುವಿನ ಒಂದು ಸಂದು.

ಹೊರಗಿನ ಬಿಳಿ ಭಾಗವನ್ನು ಕತ್ತರಿಸಿ ತೆಗೆಯಿರಿ. ತೇಗಕ್ಕೆ ಗೆದ್ದಲು ಹಿಡಿಯಲ್ಲ ಅನ್ನೋದು ಚೇಗಿನ (ಒಳಗಿನ ಗಟ್ಟಿ ಭಾಗದ) ಮಾತು, ಬಿಳಿಯದ್ದಲ್ಲ. ಬಿಳಿ ಭಾಗಕ್ಕೆ ಕುಟ್ಟೆ (ಮರ ಕೊರೆಯುವ ಹುಳ) ಬೀಳುತ್ತೆ.

ಜಯನಗರ_ಜೋಡಣೆ
ನಡುವೆ ಬಾಯಿ ಹಾಕ್ತೀನಿ. ಊರಿನ ಹಲಗೆ ಇಲ್ಲದವರು ಕೊಳ್ಳೋದಾದ್ರೆ ಎಷ್ಟು ಘನ ಅಡಿ?

ಉಳಿಪೆಟ್ಟು
ಸಿದ್ಧವಾದ ಹಲಗೆ 1.8 × 0.9 × 0.032 ಮೀಟರ್, 1.83 ಘನ ಅಡಿ. ಒರಟಿನಲ್ಲಿ ದಪ್ಪ 40, ಉದ್ದ ಅಗಲ ತಲಾ 100 ಹೆಚ್ಚು ಅಂದರೆ 2.7 ಆಯಿತು. ಗಂಟು, ಬಿಳಿ ಭಾಗ ಕಳೆಯೋದಕ್ಕೆ ಸೇರಿಸಿ 3 ತಗೊಳ್ಳಿ. ಘಾನಾ, ನೈಜೀರಿಯಾ ಅಂತ ಮಾರೋದೂ ತೇಗವೇ, ನೆಡುತೋಪಿನದ್ದು. ಎಳೇ ಮರವಾದ್ದರಿಂದ ಬಿಳಿ ಭಾಗ ಜಾಸ್ತಿ, ಆದ್ದರಿಂದ ಮೂರರ ಬದಲು ಮೂರೂವರೆ. ತೇಗವೋ ಅಲ್ಲವೋ ಅನ್ನೋ ಅನುಮಾನ ಇದ್ದರೆ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರದ ಜಾತಿ ಗುರುತಿಸುವವರಿದ್ದಾರೆ.

ಪಾಲಿಶ್_ಡಬ್ಬಿ
ಬಣ್ಣದ ಮಾತು. ಕಬ್ಬಿಣಕ್ಕೆ ಪೌಡರ್ ಕೋಟಿಂಗ್ (ಬಣ್ಣದ ಪುಡಿ ಹಿಡಿಸಿ ಒಲೆಯಲ್ಲಿ ಕಾಯಿಸುವುದು) ಮಾಡಿಸುವುದಾದರೆ ವೆಲ್ಡಿಂಗ್ ಅಂಗಡಿಯಲ್ಲೇ ಮೂರು ವಿಷಯ ಮುಗಿಸಬೇಕು.

ಪೈಪಿಗೆ ಗಾಳಿಕಿಂಡಿ. ಪೂರ್ತಿ ಮುಚ್ಚಿದ ಚೌಕಟ್ಟನ್ನು 180–200 ಡಿಗ್ರಿ ಒಲೆಗೆ ಹಾಕಿದರೆ ಒಳಗಿನ ಗಾಳಿ ಹಿಗ್ಗಿ ಸೂಜಿತೂತಿನಿಂದ ಉಗುಳುತ್ತೆ, ಅಲ್ಲಿ ಗುಳ್ಳೆ. ತೊಳೆಯುವ ತೊಟ್ಟಿಯ ಆಮ್ಲದ ನೀರು ಒಳಗೆ ನಿಂತರೆ ಇನ್ನೂ ಕೆಟ್ಟದ್ದು, ತಿಂಗಳಾದ ಮೇಲೆ ಮೂಲೆಯಿಂದ ಕಂದು ನೀರು ಇಳಿಯುತ್ತೆ. ಪ್ರತಿ ಪೈಪಿಗೂ ಕಾಣದ ಕಡೆ ಎರಡು, 6ರಿಂದ 8 ಮಿ.ಮೀ. 45 ಡಿಗ್ರಿ ಮೂಲೆಯಲ್ಲಿ ಪೈಪಿನ ಒಳಗಳು ಒಂದಕ್ಕೊಂದು ತೆರೆದಿರುತ್ತವೆ, ಹಾಗಾಗಿ ಚೌಕಟ್ಟಿಗೆ ಎರಡು ಸಾಕು. ನೇರ ಕತ್ತರಿಸಿ ಕೂಡಿಸಿದ್ದರೆ ಅಡ್ಡಪೈಪಿಗೆ ಬೇರೆ ಬೇಕು.

ಪುಟ್ಟಿ ಹಾಕಬೇಡಿ. ಗಾಡಿಗೆ ಹಾಕುವ ಪುಟ್ಟಿ ಆ ಶಾಖಕ್ಕೆ ಉಬ್ಬಿ ಬಿರಿಯುತ್ತೆ. ತಗ್ಗು ಇದ್ದರೆ ವೆಲ್ಡ್ ತುಂಬಿ ಮತ್ತೆ ತೀಡಿ.

ಥ್ರೆಡ್ಡುಗಳನ್ನು ಮುಚ್ಚಿ. ಪೌಡರ್ ಪದರ 60–80 ಮೈಕ್ರಾನ್, ಎಂ8 ಬೋಲ್ಟು ಆಮೇಲೆ ಕೂರಲ್ಲ. ಹಳೇ ಬೋಲ್ಟುಗಳನ್ನೇ ತಿರುಗಿಸಿಟ್ಟು ಕಳಿಸುವುದು ಸುಲಭ.

ಬಣ್ಣ ಮ್ಯಾಟ್ ಕಪ್ಪು, ಸಣ್ಣ ತರಿ ಇರುವಂಥದ್ದು. ನಯವಾದ ಹೊಳಪು ಕಪ್ಪು ಗ್ರೈಂಡಿಂಗಿನ ಪ್ರತಿ ಗೆರೆಯನ್ನೂ ತೋರಿಸುತ್ತೆ.

ಕರಾವಳಿ_ಬಡಗಿ
ಬೆಂಗಳೂರಿಗೆ ಪೌಡರ್ ಸರಿ. ಕಡಲ ಹತ್ತಿರದವರು ಇದನ್ನೇ ನಕಲು ಮಾಡುವುದು ಬೇಡ. ಉಪ್ಪುಗಾಳಿಯಲ್ಲಿ ಒಂದು ಗೀರು ಬಿದ್ದರೆ ಸಾಕು, ತುಕ್ಕು ಪೌಡರಿನ ಅಡಿಯಲ್ಲೇ ಹರಿದಾಡಿ ಹಪ್ಪಳದ ಹಾಗೆ ಎಬ್ಬಿಸುತ್ತದೆ. ಅಲ್ಲಿಗೆ ಸತುವಿರುವ ಎಪಾಕ್ಸಿ ಪ್ರೈಮರ್, ಮೇಲೆ ಪಿಯು (ಪಾಲಿಯುರೆಥೇನ್) ಪೇಂಟ್. ತೇಪೆ ಹಾಕುವುದಕ್ಕಾದರೂ ಬರುತ್ತದೆ.

ಪಾಲಿಶ್_ಡಬ್ಬಿ
ಒಪ್ಪಿದೆ. ಹಲಗೆಗೆ ಬರ್ತೀನಿ. ಉಜ್ಜುವುದು 80, 120, 180. ನಡುವಿನದ್ದನ್ನು ಹಾರಿಸಿದರೆ 80ರ ಗೆರೆ ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತೆ. ಹಲಗೆ ಹತ್ತಿರ ಸ್ಟೀಲ್ ವೂಲ್ ತರಬೇಡಿ, ಪಕ್ಕದಲ್ಲಿ ಗ್ರೈಂಡರ್ ನಡೆಸಬೇಡಿ. ಕಬ್ಬಿಣದ ಕಣ ಮತ್ತು ನೀರು ಸೇರಿದರೆ ಮರದ ಒಗರು ಕಪ್ಪಾಗುತ್ತೆ, ನಮ್ಮ ಹಳೇ ಶಾಯಿಯದ್ದೇ ರಸಾಯನ. ತೇಗದಲ್ಲಿ ಕಡಿಮೆ, ಅಕೇಶಿಯಾ, ಮತ್ತಿಯಲ್ಲಿ ಧಾರಾಳ. ಆಗಿಹೋಗಿದ್ದರೆ ಆಕ್ಸಾಲಿಕ್ ಆಮ್ಲದ ನೀರು ಬಳಿದು ತೊಳೆದರೆ ಹೋಗುತ್ತೆ, ಕೈಗವಸು ಹಾಕಿಕೊಂಡು. ಒಣಗಿದ ಅದರ ಪುಡಿಯನ್ನು ಉಜ್ಜಿ ಮೂಗಿಗೆ ಎಳೆದುಕೊಳ್ಳಬೇಡಿ.

ಊಟದ ಮೇಜಿಗೆ ಎರಡು ಭಾಗದ ಪಿಯು, ಮ್ಯಾಟ್. ಸೀಲರ್ ಎರಡು ಕೈ, ನಡುವೆ 320ರಲ್ಲಿ ತೀಡಿ, ಮೇಲೆ ಎರಡು ಕೈ. ಎಣ್ಣೆ ಪಾಲಿಶ್ ನೋಡಲು ಚೆಂದ, ರಿಪೇರಿಯೂ ಸುಲಭ, ಆದರೆ ಸಾರಿನ ಅರಿಶಿನ ಅದರೊಳಗೆ ಇಳಿಯುತ್ತೆ. ಬಿಸಿಲಿಗೆ ಇಟ್ಟರೆ ಅರಿಶಿನದ ಕಲೆ ಮಾಸುತ್ತೆ ನಿಜ, ಆದರೆ ಆರಡಿ ಮೇಜನ್ನು ವಾರಕ್ಕೊಮ್ಮೆ ಟೆರೇಸಿಗೆ ಹೊರೋರು ಯಾರು?

ಮರೆಯಬಾರದ್ದು: ಕೆಳಮುಖಕ್ಕೂ ಅಷ್ಟೇ ಕೈ ಹೊಡೆಯಬೇಕು. ಮೇಲೆ ನಾಲ್ಕು ಪದರ, ಕೆಳಗೆ ಖಾಲಿ ಬಿಟ್ಟರೆ ಕೆಳಮುಖ ಬೇಗ ತೇವ ಕುಡಿಯುತ್ತೆ, ಬೇಗ ಬಿಡುತ್ತೆ, ಹಲಗೆ ಬಟ್ಟಲಾಗುತ್ತೆ. ಆಮೇಲೆ ಬಡಗಿಯನ್ನೋ ಮರವನ್ನೋ ಬಯ್ಯೋದು. ಎಣ್ಣೆಯೇ ಬೇಕು ಅನ್ನುವವರು ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯಬೇಡಿ. ಅದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುತ್ತೆ. ಹರಡಿ ಒಣಗಿಸಿ, ಇಲ್ಲಾ ನೀರಲ್ಲಿ ಮುಳುಗಿಸಿ.

ಪುತ್ತೂರು_ಹಲಗೆ
ಎಲ್ಲ ಸೇರಿಸಿ ಹೊಸ ಪಟ್ಟಿ:

50×50×2: 718 ಉದ್ದದ್ದು 4, 700 ಉದ್ದದ್ದು 4, ಎಲ್ಲ 45 ಡಿಗ್ರಿ ಕೊಯ್ತ.
50×25×2: 1200 ಉದ್ದದ್ದು 2, ನಡುವಿನ ಅಡ್ಡ 625 ಒಂದು.
100×100×6 ಪ್ಲೇಟು 4, 40×40×6 ಒಳಪ್ಲೇಟು 8, 40×40×5 ಕಿವಿ 9.
ಎಂ8 ಬೋಲ್ಟು 8, ಎಂ6 ಬೋಲ್ಟು ಮತ್ತು ಇನ್ಸರ್ಟ್ 9.
ಮೇಜಿನ ಎರಡೂ ತುದಿಯಿಂದ ಚೌಕಟ್ಟು 250 ಒಳಗೆ. ಕಾಲಿನ ತಳಕ್ಕೆ, ಮಟ್ಟ ಹೊಂದಿಸಲು ತಿರುಗಿಸುವ ಬುಶ್ 4.

ಕಬ್ಬಿಣ 25 ಕೆ.ಜಿ. ಆಸುಪಾಸು, ಹಲಗೆ 34 ಕೆ.ಜಿ. ಬಂತು. ಸರಿಯಾ?

ಹುಬ್ಳಿ_ವೆಲ್ಡಿಂಗ್
ತೂಕ ಸರಿ ಐತ್ರಿ. 1200 ತಪ್ಪು. ಎರಡೂ ತುದಿಗೆ 6ರ ಪ್ಲೇಟು ಬರತದಲ್ಲ, ಪೈಪು 1188ಕ್ಕ ಕತ್ತರಸ್ರಿ. ಇಲ್ಲಾಂದ್ರ ಚೌಕಟ್ಟಿನ ನಡುವಿನ ಅಂತರ 1212 ಆಗತದ. ಮೇಜು ಬೀಳೂದಿಲ್ಲ, ಆದ್ರ ಹಲಗಿಗೆ ಮೊದಲ ಇನ್ಸರ್ಟ್ ಹಾಕಿ ಇಟ್ಟಿದ್ರ ತೂತು ಕೂಡೂದಿಲ್ಲ. ಇನ್ಸರ್ಟ್ ಯಾವಾಗಲೂ ಕೊನೀಗೆ. ಕೋಟಿಂಗ್ ಆದ ಕಬ್ಬಿಣ ಜೋಡಿಸಿ, ಹಲಗಿ ಮಗುಚಿ, ಅದರ ಮ್ಯಾಲೆ ಇಟ್ಟು ಗುರ್ತು ಹಾಕ್ರಿ.

ಗೇಜ್14
ತುದಿಯಲ್ಲಿ ಕೂರೋರ ಕಾಲಿನ ಬಗ್ಗೆ ಯೋಚಿಸಿ. ಚೌಕಟ್ಟಿನ ಕೆಳಗಿನ ಪೈಪು 250ರಲ್ಲೇ ಇದ್ದರೆ ಅವರ ಪಾದ ಅದಕ್ಕೆ ಹೊಡೆಯುತ್ತೆ. 350ಕ್ಕೆ ಒಳಗೆ ತಂದರೆ ಪಕ್ಕದಲ್ಲಿ ಕುರ್ಚಿಗೆ ಸಿಗೋದು ಬರೀ ಒಂದು ಮೀಟರ್, 450 ಅಗಲದ ಎರಡು ಕುರ್ಚಿ ಒತ್ತಿಕೊಂಡು ಕೂರುತ್ತವೆ. ಕೈಯಿರುವ ಕುರ್ಚಿಯಾದರೆ ಒಂದೇ. ದಿನಾ ನಾಲ್ಕೇ ಜನ ಉಣ್ಣೋದಾದರೆ 250 ಇಟ್ಟುಕೊಳ್ಳಿ, ತುದಿ ಕುರ್ಚಿ ನೆಂಟರಿಗೆ.

ಉಳಿಪೆಟ್ಟು
ಬುಶ್ ಸೇರಿಸಿದಿರಿ, ಎತ್ತರ ಕಳೆಯಲಿಲ್ಲ. ಬುಶ್ ನಡುಮಟ್ಟದಲ್ಲಿ 15 ಮಿ.ಮೀ. ಎತ್ತುತ್ತೆ ಅಂದರೆ ಮೇಜು 765 ಆಯಿತು. ಕೂರುವ ಎತ್ತರ 450 ಇರುವ ಕುರ್ಚಿಗೆ ಅದು ಎತ್ತರ, ಅನ್ನ ಕಲಸುವ ಭುಜ ಮೇಲೆ ಬರುತ್ತೆ. ನಿಂತ ಕಾಲು 703ಕ್ಕೆ ಇಳಿಸಿ. ಆಗ ಕರ್ಣ 1003 ಅಲ್ಲ, 992. ವೆಲ್ಡರ್ ಕೈಗೆ ಕೊಡುವ ಚೀಟಿಯಲ್ಲಿ ಹಳೇ ಅಂಕೆ ಹೊಡೆದುಹಾಕಿ ಕೊಡಿ.

ಪುತ್ತೂರು_ಹಲಗೆ
703, 1188, 992. ಚೀಟಿ ಬದಲಾಯಿಸಿದೆ. ಅಟ್ಟಿ ಹಾಕಿದ ಹಲಗೆ ಇವತ್ತು 13.5.